ಬೆಕ್ಕಿನ ಉಚ್ಚೆಯ ತೊಂದರೆ: ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ಗಂಡುಬೆಕ್ಕು ಈಗ, ಈ ಹೊತ್ತಿನಲ್ಲೇ, ಉಚ್ಚೆಗೆ ಕೂತು ತಿಣುಕುತ್ತಿದ್ದು ಏನೂ ಬರುತ್ತಿಲ್ಲವಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಪಶುವೈದ್ಯರಿಗೆ ಫೋನ್ ಮಾಡಿ. ಉಳಿದದ್ದನ್ನು ದಾರಿಯಲ್ಲಿ ಓದಬಹುದು.

ನಾನು ಸಾಕುಪ್ರಾಣಿಗಳ ವೈದ್ಯೆ. ಬೆಕ್ಕು ತಂದವರು ಮೇಜಿನ ಆಚೆ ನಿಂತು ಕೇಳಿದ್ದು, ಮಧ್ಯರಾತ್ರಿ ವಾಟ್ಸಾಪಿನಲ್ಲಿ ಬಂದದ್ದು, ಪತ್ರದಲ್ಲಿ ಬರೆದದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲು ಗೊತ್ತಿರಬೇಕಾದ್ದು

ಬೆಕ್ಕು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡಬೇಕು? ನಮ್ಮದು ಹೊರಗೇ ಹೋಗೋದು, ಲೆಕ್ಕ ಇಡೋದಾದ್ರೂ ಹೇಗೆ?

ಆರೋಗ್ಯವಾಗಿರುವ ದೊಡ್ಡ ಬೆಕ್ಕು ದಿನಕ್ಕೆ 2ರಿಂದ 4 ಸಲ ಹೋಗುತ್ತದೆ. ಕೆದರಿ, ಕೂತು, ಒಂದೇ ಸಲಕ್ಕೆ ಮುಗಿಸಿ, ಮುಚ್ಚಿ ಎದ್ದು ಬರುತ್ತದೆ. ಒದ್ದೆಯಾದರೆ ಗಟ್ಟಿಯಾಗುವ ಲಿಟರ್ (ಬೆಕ್ಕಿನ ಉಚ್ಚೆಯ ಟ್ರೇಗೆ ಹಾಕುವ ಪುಡಿ) ಬಳಸುವವರಿಗೆ ಲೆಕ್ಕ ಸುಲಭ: ದಿನವೂ ತೆಗೆಯುವಾಗ ಉಂಡೆಗಳು ಎಷ್ಟು, ಯಾವ ಗಾತ್ರ ಎಂದು ಒಮ್ಮೆ ಕಣ್ಣಾಡಿಸಿ. ದೊಡ್ಡ ಉಂಡೆ ಎರಡು ಮೂರು ಸಿಗುತ್ತಿದ್ದ ಕಡೆ ಕಡಲೆಕಾಳಿನಂಥ ಚಿಕ್ಕ ಚಿಕ್ಕವು ಹತ್ತು ಸಿಕ್ಕರೆ ಮೂತ್ರಕೋಶ ಕೆರಳಿದೆ. ಉಂಡೆಯೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು.

ಹೊರಗೆ ಹೋಗುವ ಬೆಕ್ಕಿಗೂ ಮನೆಯಲ್ಲಿ ಒಂದು ಟ್ರೇ ಇಟ್ಟು ರೂಢಿ ಮಾಡಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಜಡಿಮಳೆಯ ದಿನ ಅದಕ್ಕೂ ಅನುಕೂಲ. ಅನುಮಾನ ಬಂದಾಗ ಒಂದು ಕೋಣೆಯಲ್ಲಿ ಟ್ರೇ, ನೀರು, ಊಟದ ಜೊತೆ ಅರ್ಧ ದಿನ ಇರಿಸಿಕೊಂಡರೆ ಉತ್ತರ ಕಣ್ಣಿಗೇ ಕಾಣುತ್ತದೆ. ಹಿತ್ತಲಿಗೆ ಹೋಗುವ ಬೆಕ್ಕಿಗೆ ಉಚ್ಚೆ ಕಟ್ಟಿದ್ದು ಬಹಳ ಸಲ ಎರಡನೇ ದಿನಕ್ಕೆ, ಅದು ಮಂಕಾಗಿ ಮೂಲೆ ಸೇರಿದ ಮೇಲೆ, ಮನೆಯವರಿಗೆ ತಿಳಿಯುತ್ತದೆ.

ಏನೇನು ಕಂಡ್ರೆ ತೊಂದರೆ ಶುರುವಾಗಿದೆ ಅಂತ ತಿಳ್ಕೋಬೇಕು?

ಮತ್ತೆ ಮತ್ತೆ ಟ್ರೇಗೆ ಹೋಗುವುದು, ಬೆನ್ನು ಬಗ್ಗಿಸಿ ಬಹಳ ಹೊತ್ತು ಕೂರುವುದು, ಕೂತಾಗ ನರಳುವುದು, ಹನಿ ಹನಿ ಬರುವುದು, ಉಚ್ಚೆಯಲ್ಲಿ ರಕ್ತ, ಉಚ್ಚೆಯ ಜಾಗವನ್ನು ನೆಕ್ಕುತ್ತಲೇ ಇರುವುದು. ಸಿಂಕಿನಲ್ಲಿ, ಬಚ್ಚಲಿನ ನೆಲದ ಮೇಲೆ, ನಯವಾದ ತಣ್ಣನೆಯ ಜಾಗ ಹುಡುಕಿ ಕೂರುವುದನ್ನೂ ಕಾಣುತ್ತೇವೆ.

ಬಣ್ಣದ ಬಗ್ಗೆ ಒಂದು ಮಾತು. ತಿಳಿಗುಲಾಬಿ ಅಥವಾ ಕೆಂಪು ಬಂದರೆ ಸಾಮಾನ್ಯವಾಗಿ ಮೂತ್ರಕೋಶದ ರಕ್ತ. ಕಾಫಿ ಡಿಕಾಕ್ಷನ್ನಿನಂತೆ ಕಂದುಗೆಂಪಾಗಿ ಬಂದು ಬೆಕ್ಕು ಸುಸ್ತಾಗಿದ್ದರೆ ಹಿಂದಿನ ಎರಡು ಮೂರು ದಿನ ಏನು ತಿಂದಿತ್ತು ಎಂದು ನೆನಪಿಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ, ಆಗಲೂ ಉಚ್ಚೆ ಹೀಗೆ ಬರುತ್ತದೆ. ಎರಡೂ ವೈದ್ಯರ ಕೆಲಸವೇ.

ಇಷ್ಟು ವರ್ಷ ಟ್ರೇಯಲ್ಲೇ ಹೋಗ್ತಿದ್ದವಳು ಈಗ ನನ್ನ ಹಾಸಿಗೆ ಮೇಲೇ ಮಾಡ್ತಾಳೆ. ಬೈದಿದ್ದಕ್ಕೆ ಸೇಡು ತೀರಿಸ್ಕೊಳ್ತಿದ್ದಾಳಾ?

ಇಲ್ಲ. ದಯವಿಟ್ಟು ಹೊಡೆಯಬೇಡಿ, ಮೂತಿ ಹಿಡಿದು ಒರೆಸಬೇಡಿ. ಟ್ರೇಯಲ್ಲಿ ಕೂತಾಗಲೆಲ್ಲ ಉರಿಯಾದರೆ ಬೆಕ್ಕು ಆ ನೋವಿಗೂ ಟ್ರೇಗೂ ಗಂಟು ಹಾಕುತ್ತದೆ. ನೋವಿಲ್ಲದ ಜಾಗ ಹುಡುಕುತ್ತ ಮೆತ್ತನೆಯ ಹಾಸಿಗೆಗೆ ಬರುತ್ತದೆ. ಚೆನ್ನಾಗಿ ರೂಢಿಯಿದ್ದ ಬೆಕ್ಕು ಜಾಗ ಬದಲಿಸಿದರೆ ಅದನ್ನು ರೋಗದ ಮೊದಲ ದೂರು ಎಂದೇ ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಆಮೇಲೆ ಟ್ರೇಯ ಚೊಕ್ಕಟ, ಜಾಗ, ಲಿಟರಿನ ಬದಲಾವಣೆ ಇವನ್ನು ನೋಡೋಣ. ವಯಸ್ಸಾದವಳಾಗಿದ್ದರೆ ಕೀಲುನೋವಿನಿಂದ ಎತ್ತರದ ಟ್ರೇ ಹತ್ತಲಾಗದೆಯೂ ಹೀಗೆ ಮಾಡಬಹುದು.

ನಮ್ಮನೆ ಗಂಡು ಬಾಲ ಎತ್ತಿ ಗೋಡೆಗೆ, ಬೀರುಗೆ ಚಿಮ್ಮಿಸ್ತಾನೆ. ಇದೂ ಕಾಯಿಲೆನಾ?

ನಿಂತುಕೊಂಡು, ಬಾಲ ನೆಟ್ಟಗೆ ಮಾಡಿ ನಡುಗಿಸುತ್ತ, ಗೋಡೆಯಂಥ ಲಂಬ ಜಾಗಕ್ಕೆ ಸ್ವಲ್ಪವೇ ಚಿಮ್ಮಿಸಿದರೆ ಅದು ಗಡಿ ಗುರುತು. ಕೂತು ಮಾಡುವ ಉಚ್ಚೆಯೇ ಬೇರೆ. ಬೀಜ ಒಡೆಸದ ಗಂಡುಗಳಲ್ಲಿ ಇದು ಸಹಜ. ಸಂತಾನಹರಣ ಮಾಡಿಸಿದರೆ ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ನಿಲ್ಲುತ್ತದೆ ಅಥವಾ ಬಹಳ ಇಳಿಯುತ್ತದೆ. ಆಪರೇಷನ್ ಆಗಿರುವ ಬೆಕ್ಕು ಹೊಸದಾಗಿ ಶುರು ಮಾಡಿದರೆ ಕಿಟಕಿಯಾಚೆ ಬೀದಿಯ ಗಂಡೊಂದು ಬಂದು ಹೋಗುತ್ತಿದೆಯೇ ನೋಡಿ. ಜೊತೆಗೆ ಒಮ್ಮೆ ಉಚ್ಚೆ ಪರೀಕ್ಷೆಯನ್ನೂ ಮಾಡಿಸಿ.

ತಾಯಿ ಇಲ್ಲದ ಮರಿ ಸಿಕ್ಕಿದೆ, ಕಣ್ಣೂ ಬಿಟ್ಟಿಲ್ಲ. ಹಾಲು ಕುಡಿಯುತ್ತೆ, ಉಚ್ಚೆ ಮಾತ್ರ ಮಾಡ್ತಿಲ್ಲ.

ಸುಮಾರು ಮೂರು ವಾರದ ತನಕ ಮರಿ ತಾನಾಗಿ ಮಾಡಲಾರದು. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ. ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಪ್ರತಿ ಸಲ ಹಾಲು ಕುಡಿಸುವ ಮುಂಚೆಯೋ ಆಮೇಲೆಯೋ ಉಚ್ಚೆಯ ಜಾಗವನ್ನು ಮೆಲ್ಲಗೆ ಸವರಿ. ಒಂದು ನಿಮಿಷದೊಳಗೆ ಬರುತ್ತದೆ. ಉಜ್ಜಬೇಡಿ, ಚರ್ಮ ಬೇಗ ಕೆಂಪಾಗುತ್ತದೆ.

## ಕಾಯಬಾರದ ಹೊತ್ತು

ಟ್ರೇದಾಗ ಹೋಗಿ ಕುಂತ್ಕೊಂತದ, ತಿಣಕತದ, ಏನೂ ಬರವಲ್ದು. ಸಂಡಾಸ್ ಕಟ್ಟಿರಬೇಕು ಅಂತ ಎಣ್ಣಿ ಕುಡಿಸೀವ್ರಿ. ಸರಿ ಅದ ಏನ್ರಿ?

ಎಣ್ಣೆ ಕುಡಿಸುವುದನ್ನು ಮೊದಲು ನಿಲ್ಲಿಸಿ. ಬಲವಂತದಿಂದ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮಲಬದ್ಧತೆಯಲ್ಲೂ ಉಚ್ಚೆ ಕಟ್ಟಿದಾಗಲೂ ಬೆಕ್ಕು ಕೂರುವ ಭಂಗಿ ಒಂದೇ ಥರ ಇರುವುದರಿಂದ ಈ ತಪ್ಪು ಎಲ್ಲರಿಂದಲೂ ಆಗುತ್ತದೆ. ಗಂಡುಬೆಕ್ಕಿನ ವಿಷಯದಲ್ಲಿ ನನ್ನ ನಿಯಮ ಇಷ್ಟೇ: ಕಳೆದ 12 ಗಂಟೆಯಲ್ಲಿ ಅದು ಧಾರಾಳವಾಗಿ ಉಚ್ಚೆ ಮಾಡಿದ್ದನ್ನು ಕಣ್ಣಾರೆ ನೋಡಿಲ್ಲವೆಂದರೆ, ಕಟ್ಟಿದೆ ಎಂದೇ ತಿಳಿದು ಹೊರಡಿ. ಮಲಬದ್ಧತೆ ಎಂದು ಆಸ್ಪತ್ರೆಯಲ್ಲಿ ಗೊತ್ತಾದರೆ ಕಳೆದುಕೊಂಡದ್ದು ಏನೂ ಇಲ್ಲ.

ವೈದ್ಯರು ಹೊಟ್ಟೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ಕಟ್ಟಿದ ಮೂತ್ರಕೋಶ ಗಟ್ಟಿ ಚೆಂಡಿನಂತೆ ಕೈಗೆ ಸಿಗುತ್ತದೆ. ನೀವು ಮಾತ್ರ ಹಿಸುಕಿ ನೋಡಲು ಹೋಗಬೇಡಿ. ಉಬ್ಬಿ ತೆಳುವಾದ ಚೀಲ ಒಡೆಯಬಹುದು.

ರಾತ್ರಿ ಹತ್ತೂವರೆ. ಉಚ್ಚೆ ಕಟ್ಟಿದೆ ಅನ್ಸುತ್ತೆ, ಆದ್ರೆ ಓಡಾಡ್ಕೊಂಡೇ ಇದ್ದಾನೆ. ಬೆಳಿಗ್ಗೆ ಕರ್ಕೊಂಡು ಹೋದ್ರೆ ಆಗಲ್ವಾ?

ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗಂಡುಬೆಕ್ಕಿನ ಮೂತ್ರನಾಳ ಉದ್ದ, ಮೇಲಾಗಿ ಕಿರಿದು. ತುದಿಯ ಹತ್ತಿರ ಸುಮಾರು ಒಂದು ಮಿಲಿಮೀಟರಿಗೆ ಬರುತ್ತದೆ. ಲೋಳೆ, ರಕ್ತದ ಹೆಪ್ಪು, ಮರಳಿನಂಥ ಹರಳು ಸೇರಿ ಬೆಣೆಯಂತೆ ಅಲ್ಲಿ ಕೂರುತ್ತವೆ. ಕೆಲವು ಸಲ ಬೆಣೆಯೂ ಇರುವುದಿಲ್ಲ, ಉರಿಯೂತದಿಂದ ನಾಳ ಊದಿ, ಸ್ನಾಯು ಬಿಗಿದು ಮುಚ್ಚಿಕೊಳ್ಳುತ್ತದೆ. ಹಿಂದೆ ಮೂತ್ರಕೋಶ ತುಂಬುತ್ತಲೇ ಇರುತ್ತದೆ, ಒತ್ತಡ ಮೂತ್ರಪಿಂಡದವರೆಗೆ ಏರುತ್ತದೆ, ಹೊರಹೋಗಬೇಕಾದ ಯೂರಿಯಾ ಮತ್ತು ಪೊಟ್ಯಾಸಿಯಂ ರಕ್ತದಲ್ಲೇ ನಿಲ್ಲುತ್ತವೆ. ಕೊಲ್ಲುವುದು ಪೊಟ್ಯಾಸಿಯಂ. ಅದು ಏರಿದಂತೆ ಹೃದಯದ ಬಡಿತ ನಿಧಾನವಾಗಿ, ತಪ್ಪಿ, ಕೊನೆಗೆ ನಿಲ್ಲುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು, ಮತ್ತು ಅದು ಯಾವ ಗಂಟೆಗೆ ಕಟ್ಟಿತು ಎಂದು ನಿಮಗೂ ನನಗೂ ಗೊತ್ತಿಲ್ಲ. ಇನ್ನೂ ಓಡಾಡುತ್ತಿದೆ ಎಂದರೆ ಉಳಿಸಲು ಒಳ್ಳೆಯ ಸಮಯ ಇದೇ. ವಾಂತಿ, ಮೈ ತಣ್ಣಗಾಗುವುದು, ಕರೆದರೂ ತಲೆ ಎತ್ತದಿರುವುದು ಬಂದವೆಂದರೆ ಪೊಟ್ಯಾಸಿಯಂ ಆಗಲೇ ಏರಿದೆ.

ನನ್ನ ವೃತ್ತಿಯ ಮೊದಲ ವರ್ಷ ಒಬ್ಬರು ಇದೇ ಪ್ರಶ್ನೆ ಕೇಳಿ ಫೋನ್ ಮಾಡಿದ್ದರು. ಬೆಕ್ಕು ಊಟ ಮಾಡಿದೆ ಎಂದರು, ನಾನು ಬೆಳಿಗ್ಗೆ ಬೇಗ ಬನ್ನಿ ಎಂದೆ. ಬೆಳಿಗ್ಗೆ ಅವರ ಕೈಯಲ್ಲಿದ್ದ ಬೆಕ್ಕಿನ ಹೃದಯ ನಿಮಿಷಕ್ಕೆ ನೂರೂ ಬಡಿಯುತ್ತಿರಲಿಲ್ಲ. ಇರಬೇಕಾದದ್ದು ಅದರ ಎರಡರಷ್ಟು. ಉಳಿಸಲು ಆಗಲಿಲ್ಲ. ಅಂದಿನಿಂದ ಯಾರಿಗೂ ಬೆಳಿಗ್ಗೆ ಬನ್ನಿ ಎಂದಿಲ್ಲ.

ನಮ್ಮೂರಲ್ಲಿ ಇರೋದು ಹಸು-ಎಮ್ಮೆ ನೋಡೋ ಆಸ್ಪತ್ರೆ. ಎಲ್ಲಿಗೆ ಹೋಗೋದು?

ಮೊದಲು ಅಲ್ಲಿನ ವೈದ್ಯರಿಗೇ ಫೋನ್ ಮಾಡಿ. ನಾಳದೊಳಗೆ ಹಾಕಿ ಉಚ್ಚೆ ತೆಗೆಯುವ ಸಣ್ಣ ಪೈಪು, ಅಂದರೆ ಕ್ಯಾತಿಟರ್, ಇಲ್ಲದಿದ್ದರೂ ನುರಿತವರು ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ ಉಚ್ಚೆ ತೆಗೆದು, ಡ್ರಿಪ್ ಹಾಕಿ, ದೊಡ್ಡ ಊರು ತಲುಪುವಷ್ಟು ಸಮಯ ಕೊಡಿಸಬಲ್ಲರು. ಕೇಳಬೇಕಾದ ಪ್ರಶ್ನೆ: "ಗಂಡುಬೆಕ್ಕಿಗೆ ಉಚ್ಚೆ ಕಟ್ಟಿದೆ, ನಿಮ್ಮಲ್ಲಿ ಟಾಮ್‌ಕ್ಯಾಟ್ ಕ್ಯಾತಿಟರ್ ಇದೆಯಾ, ಅರಿವಳಿಕೆ ಕೊಡ್ತೀರಾ?" ಇಲ್ಲ ಎಂದರೆ ಅವರಿಂದಲೇ ಮುಂದಿನ ವಿಳಾಸ ಪಡೆಯಿರಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಕುಪ್ರಾಣಿಗಳನ್ನೂ ನೋಡುತ್ತಾರೆ. ಯಾವ ಹೊತ್ತಿಗೆ ಯಾರು ಇರುತ್ತಾರೆ ಎಂದು ಬೆಕ್ಕು ಚೆನ್ನಾಗಿರುವಾಗಲೇ ವಿಚಾರಿಸಿ ಗೋಡೆಗೆ ಬರೆದಿಡಿ.

ಸಾಗಿಸಲು ಗಾಳಿಯಾಡುವ ಬುಟ್ಟಿ ಸಾಕು. ಒಳಗೊಂದು ಹಳೆ ಟವಲ್, ಮೇಲೊಂದು ತೆಳು ಬಟ್ಟೆ. ಬಗಲಲ್ಲಿ ಒತ್ತಿ ಹಿಡಿದುಕೊಂಡು ಬೈಕಿನಲ್ಲಿ ಹೋಗಬೇಡಿ.

ಅಲ್ಲಿ ತಲುಪೋ ತನಕ ಎಳನೀರು, ಬಾರ್ಲಿ ನೀರು, ಬಾಳೆದಿಂಡಿನ ರಸ ಏನಾದ್ರೂ ಕುಡಿಸಬಹುದಾ? ನಮಗೆಲ್ಲ ಅದರಿಂದ ಗುಣ ಆಗುತ್ತೆ.

ಕಾಳಜಿಯಿಂದಲೇ ಕೇಳುತ್ತೀರಿ ಎಂದು ಗೊತ್ತು, ಆದರೂ ಬೇಡ. ಕಟ್ಟಿದ ಬೆಕ್ಕನ್ನು ಕೊಲ್ಲುವುದು ಪೊಟ್ಯಾಸಿಯಂ ಎಂದೆನಲ್ಲ, ಎಳನೀರಿನಲ್ಲೂ ಬಾಳೆದಿಂಡಿನಲ್ಲೂ ಹೇರಳವಾಗಿರುವುದು ಅದೇ. ಬಾರ್ಲಿ ನೀರಿನಲ್ಲಿ ಆ ಭಯವಿಲ್ಲ, ಆದರೆ ಹೊರಹೋಗುವ ದಾರಿ ಮುಚ್ಚಿರುವಾಗ ಬಲವಂತವಾಗಿ ಸುರಿದ ನೀರು ತುಂಬಿದ ಚೀಲಕ್ಕೇ ಸೇರುತ್ತದೆ.

ಉರಿಮೂತ್ರಕ್ಕೆಂದು ಮನುಷ್ಯರಿಗೆ ಕೊಡುವ ಸಿಟ್ರೇಟ್ ಸಿರಪ್ಪನ್ನೂ ಹಾಕಿ ತರುತ್ತಾರೆ. ಅದು ಉಚ್ಚೆಯನ್ನು ಕ್ಷಾರೀಯ ಮಾಡುತ್ತದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಸ್ಟ್ರುವೈಟ್ ಹರಳು ಬೆಳೆಯುವುದೇ ಕ್ಷಾರದಲ್ಲಿ.

ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟಿದೀನಿ. ಪರವಾಗಿಲ್ವಾ?

ತಕ್ಷಣ ಹೊರಡಿ, ಕೊಟ್ಟ ಸಮಯ ಮತ್ತು ಮಾತ್ರೆಯ ಹಾಳೆ ಜೊತೆಗಿರಲಿ. ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಅಥವಾ ನೀಲಿಗಟ್ಟುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಮಿನ ಒಂದು ಮಾತ್ರೆ, ಅರ್ಧವೂ, ಜೀವ ತೆಗೆಯಬಲ್ಲದು. ಬೇಗ ಬಂದರೆ ಪ್ರತಿವಿಷ ಉಂಟು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಬೆಕ್ಕಿಗೆ ನೋವು ತಗ್ಗಿಸುವ ಔಷಧಿಗಳು ಬೇರೆ ಇವೆ, ವೈದ್ಯರಿಂದ ಕೇಳಿ ಪಡೆಯಿರಿ.

ಹೆಣ್ಣುಬೆಕ್ಕಿಗೆ ಹೀಗೆ ಕಟ್ಟಲ್ವಾ?

ಅಪರೂಪ. ಅವುಗಳ ನಾಳ ಗಿಡ್ಡ, ಅಗಲ. ಉರಿ, ರಕ್ತ, ಕಲ್ಲು ಎಲ್ಲ ಬರುತ್ತವೆ, ಪೂರ್ತಿ ಕಟ್ಟುವುದು ಕಡಿಮೆ. ಹನಿ ಹನಿ ಮಾಡುತ್ತ ಉಂಡು ಆಡಿಕೊಂಡಿರುವ ಹೆಣ್ಣನ್ನು ಮಾರನೇ ದಿನ ತೋರಿಸಿದರೆ ನಡೆಯುತ್ತದೆ. ಒಂದು ಹನಿಯೂ ಬರದಿದ್ದರೆ, ಮಹಡಿಯಿಂದ ಬಿದ್ದ ಮೇಲೋ ನಾಯಿ ಕಚ್ಚಿದ ಮೇಲೋ ಉಚ್ಚೆ ನಿಂತರೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಆಗಲೇ ಓಡಿ.

## ಯಾಕೆ ಬರುತ್ತೆ, ಮತ್ತೆ ಬರದ ಹಾಗೆ ಏನು ಮಾಡಬೇಕು

ಇನ್‌ಫೆಕ್ಷನ್ ಅಂತ ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ವಿ, ವಾಸಿಯಾಯ್ತು. ಎರಡು ತಿಂಗಳಿಗೆ ಮತ್ತೆ ಬಂತು. ಇನ್ನೂ ಸ್ಟ್ರಾಂಗ್ ಮಾತ್ರೆ ಬೇಕಾ?

ಬಹುಶಃ ಸೋಂಕು ಇರಲೇ ಇಲ್ಲ. ಮನುಷ್ಯರಲ್ಲಿ ಉರಿಮೂತ್ರವೆಂದರೆ ಬ್ಯಾಕ್ಟೀರಿಯಾ ನೆನಪಾಗುತ್ತದೆ, ಬೆಕ್ಕಿನ ಕಥೆ ಬೇರೆ. ಹತ್ತು ವರ್ಷದ ಒಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಸಿಗುವುದು ರೋಗಾಣುವಿಲ್ಲದ ಉರಿಯೂತ. ಇದಕ್ಕೆ ವೈದ್ಯರು ಇಡಿಯೋಪಥಿಕ್ ಸಿಸ್ಟೈಟಿಸ್ ಎನ್ನುತ್ತಾರೆ. ಅದು ಬಹುತೇಕ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಆ ವಾರದಲ್ಲಿ ಏನು ಕೊಟ್ಟರೂ ಅದರಿಂದಲೇ ಗುಣವಾಯಿತು ಎನಿಸುತ್ತದೆ. ನಿಜವಾದ ಸೋಂಕು ಹತ್ತು ದಾಟಿದ ಬೆಕ್ಕುಗಳಲ್ಲಿ, ಅದರಲ್ಲೂ ಹೆಣ್ಣುಗಳಲ್ಲಿ, ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವುಗಳಲ್ಲಿ ಹೆಚ್ಚು. ಎರಡನೇ ಸಲ ಮಾತ್ರೆ ಶುರು ಮಾಡುವ ಮುಂಚೆ ಉಚ್ಚೆಯ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ ಎಂದು ನೀವೇ ಕೇಳಬಹುದು. ಯಾವ ವೈದ್ಯರೂ ಅದನ್ನು ತಪ್ಪು ತಿಳಿಯಬಾರದು.

ಡಾಕ್ಟ್ರು ಸ್ಟ್ರೆಸ್ಸು ಅಂದ್ರು. ಮೂರು ಹೊತ್ತು ತಿಂದು ಮಲಗೋ ಬೆಕ್ಕಿಗೆ ಏನು ಸ್ಟ್ರೆಸ್ಸು?

ಬಹಳ ಮನೆಗಳಲ್ಲಿ ಈ ಮಾತಿಗೆ ನಗು ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಜೊತೆಗಾರರು ಮೇಲೆ ಹೇಳಿದ ರೋಗಾಣುವಿಲ್ಲದ ಉರಿಯೂತದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2011ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ಈ ಕಾಯಿಲೆಯ 20 ಬೆಕ್ಕುಗಳನ್ನೂ ಆರೋಗ್ಯವಂತ 12 ಬೆಕ್ಕುಗಳನ್ನೂ 77 ವಾರ ಗಮನಿಸಿದರು. ನೋಡಿಕೊಳ್ಳುವವರು ಬದಲಾದ, ಊಟದ ಹೊತ್ತು ತಪ್ಪಿದ ವಾರಗಳಲ್ಲಿ ಊಟ ಬಿಡುವುದು, ಟ್ರೇಯ ಹೊರಗೆ ಮಾಡುವುದು ಹೆಚ್ಚಾಯಿತು, ಆರೋಗ್ಯವಂತ ಬೆಕ್ಕುಗಳಲ್ಲೂ. ಅದಕ್ಕೂ ಮುಂಚೆ, 2006ರಲ್ಲಿ, ಮನೆಗಳಲ್ಲಿದ್ದ 46 ಬೆಕ್ಕುಗಳ ಸುತ್ತಲಿನ ವಾತಾವರಣವನ್ನಷ್ಟೇ ಸರಿಪಡಿಸಿ 10 ತಿಂಗಳು ನೋಡಿದಾಗ ಉಚ್ಚೆಯ ತೊಂದರೆಗಳು ಗಮನಾರ್ಹವಾಗಿ ಇಳಿದಿದ್ದವು.

ಬೆಕ್ಕಿಗೆ ನಿನ್ನೆಯಂತೆಯೇ ಇಂದೂ ಇರಬೇಕು. ನಮ್ಮ ಕಡೆ ಅದು ತಪ್ಪುವ ಹೊತ್ತುಗಳನ್ನು ನೆನಪಿಸಿಕೊಳ್ಳಿ: ದೀಪಾವಳಿಯ ಪಟಾಕಿ, ಮದುವೆಮನೆಯ ನೆಂಟರು, ಸುಣ್ಣಬಣ್ಣ, ಮನೆ ಬದಲಾವಣೆ, ಹೊಸ ಕೂಸು, ಹೊಸ ಬೆಕ್ಕು, ಮಕ್ಕಳು ಹಾಸ್ಟೆಲಿಗೆ ಹೋಗಿ ಮನೆ ಖಾಲಿಯಾದದ್ದು. ಹೆದರಿದ ಬೆಕ್ಕಿನಲ್ಲಿ ನರಗಳ ಸಂದೇಶದಿಂದಲೇ ಮೂತ್ರಕೋಶದ ಒಳಪದರ ಕೆರಳುತ್ತದೆ.

ಮಾಡಬೇಕಾದದ್ದು ದುಬಾರಿಯಲ್ಲ. ಊಟದ ಹೊತ್ತು ಒಂದೇ ಇರಲಿ. ಬೀರುವಿನ ಮೇಲೆ ಹತ್ತಿ ಕೂರಲು ಒಂದು ಜಾಗ, ಅಡಗಲು ರಟ್ಟಿನ ಪೆಟ್ಟಿಗೆ, ಹೊರಗೆ ನೋಡಲು ಜಾಲರಿ ಹಾಕಿದ ಕಿಟಕಿ ಕೊಡಿ. ದಿನಕ್ಕೆರಡು ಸಲ ಹತ್ತು ನಿಮಿಷ ದಾರ ಎಳೆದು ಬೇಟೆಯಾಟ ಆಡಿಸಿ, ಆಟ ಮುಗಿದ ಮೇಲೆ ದಾರ ಎತ್ತಿಡಿ. ಹಬ್ಬದ ದಿನಗಳಲ್ಲಿ ಒಳಕೋಣೆಯೊಂದನ್ನು ಟ್ರೇ, ನೀರು, ಅದರದೇ ಹಾಸಿಗೆಯ ಜೊತೆ ಅದಕ್ಕೆ ಬಿಟ್ಟುಕೊಡಿ. ಎರಡು ಬೆಕ್ಕುಗಳಿದ್ದರೆ ಒಂದು ಬಾಗಿಲಲ್ಲಿ ಕೂತು ಇನ್ನೊಂದನ್ನು ಟ್ರೇಗೆ ಹೋಗದಂತೆ ತಡೆಯುತ್ತಿರಬಹುದು. ಜಗಳದ ಸದ್ದೇ ಇರುವುದಿಲ್ಲ, ನೋಟದಲ್ಲೇ ನಡೆಯುತ್ತದೆ.

ಕಲ್ಲಿದೆ ಅಂದಿದ್ದಾರೆ. ಆಪರೇಷನ್ ಬೇಕೇ ಬೇಕಾ, ಕರಗಲ್ವಾ?

ಯಾವ ಕಲ್ಲು ಎಂಬುದರ ಮೇಲಿದೆ. ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ ಸ್ಟ್ರುವೈಟ್ ಕಲ್ಲು ಅದಕ್ಕೆಂದೇ ತಯಾರಾದ ಆಹಾರದಿಂದ ಕೆಲವು ವಾರಗಳಲ್ಲಿ ಕರಗುತ್ತದೆ. ಆ ದಿನಗಳಲ್ಲಿ ಬೇರೆ ಒಂದು ತುತ್ತೂ ಕೊಡಬಾರದು, ಅಜ್ಜಿ ಕದ್ದು ಹಾಕುವ ಮೀನೂ ಸೇರಿ. ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೆಗೆಯಬೇಕು. ಎಕ್ಸ್‌ರೇ, ಸ್ಕ್ಯಾನ್, ಉಚ್ಚೆಯ ಆಮ್ಲೀಯತೆ ನೋಡಿ ವೈದ್ಯರು ಅಂದಾಜಿಸುತ್ತಾರೆ, ತೆಗೆದ ಕಲ್ಲನ್ನು ಪರೀಕ್ಷೆಗೆ ಕಳಿಸಿದರೆ ಖಚಿತವಾಗುತ್ತದೆ. ವರದಿಯಲ್ಲಿ ಬರೀ "ಕ್ರಿಸ್ಟಲ್ಸ್" ಎಂದಿದ್ದರೆ ಗಾಬರಿ ಬೇಡ. ಆರೋಗ್ಯವಂತ ಬೆಕ್ಕಿನ ಉಚ್ಚೆಯಲ್ಲೂ ಹರಳು ಇರುತ್ತವೆ.

ಒಣ ಫುಡ್ ಹಾಕಿದ್ದಕ್ಕೇ ಹೀಗಾಯ್ತಾ? ನೀರು ಕುಡಿಯೋದೇ ಇಲ್ಲ ಅವನು.

ಒಣ ಆಹಾರ ಒಂದೇ ಕಾರಣವಲ್ಲ, ಆದರೆ ನೀರಿನ ಲೆಕ್ಕ ನೋಡಿ. 4 ಕಿಲೋ ಬೆಕ್ಕಿಗೆ ದಿನಕ್ಕೆ ಊಟದ್ದೂ ಸೇರಿ ಸುಮಾರು 200 ಮಿಲಿ ನೀರು ಬೇಕು. ಒಣ ಆಹಾರದಲ್ಲಿ ನೀರು ನೂರಕ್ಕೆ ಹತ್ತರಷ್ಟು. 60 ಗ್ರಾಂ ತಿಂದರೆ ಸಿಗುವುದು 6 ಮಿಲಿ. ಪೌಚಿನ ಒದ್ದೆ ಆಹಾರದಲ್ಲಿ ಮುಕ್ಕಾಲಕ್ಕೂ ಹೆಚ್ಚು ನೀರೇ. ಬೆಕ್ಕಿನ ಮೂಲ ಒಣ ಪ್ರದೇಶದ ಆಫ್ರಿಕಾದ ಕಾಡುಬೆಕ್ಕು. ಬೇಟೆಯ ಮಾಂಸದಲ್ಲೇ ನೀರು ಪಡೆದು ಬದುಕಿದ ಜೀವ, ಬಾಯಾರಿಕೆ ಕಡಿಮೆ.

ಹಾಗಾಗಿ ಊಟದಲ್ಲೇ ನೀರು ಸೇರಿಸಿ. ಬೂತಾಯಿಯನ್ನೋ ಕೋಳಿಯನ್ನೋ ಉಪ್ಪು, ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಆ ನೀರನ್ನು ಊಟಕ್ಕೆ ಬೆರೆಸಿ. ಒಣ ಕಾಳಿಗೂ ಎರಡು ಚಮಚ ಬೆಚ್ಚನೆ ನೀರು ಹಾಕಬಹುದು. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದಲೂ ಟ್ರೇಯಿಂದಲೂ ದೂರ ಎರಡು ಮೂರು ಕಡೆ ಇರಲಿ. ನಲ್ಲಿಯ ಹರಿಯುವ ನೀರೇ ಬೇಕೆನ್ನುವ ಬೆಕ್ಕುಗಳೂ ಇವೆ. ಹಾಲು ನೀರಿಗೆ ಬದಲಲ್ಲ, ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ ತಿಂದೇ ಬೆಳೆದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಮಾಂಸ ತಿಂದ ಬೆಕ್ಕಿನ ಉಚ್ಚೆ ಆಮ್ಲೀಯವಾಗಿರುತ್ತದೆ, ಧಾನ್ಯವೇ ಹೆಚ್ಚಾದರೆ ಕ್ಷಾರದ ಕಡೆ ವಾಲುತ್ತದೆ, ಸ್ಟ್ರುವೈಟಿಗೆ ಅದು ಅನುಕೂಲ. ಇದಕ್ಕಿಂತ ದೊಡ್ಡ ಚಿಂತೆ ಟಾರಿನ್. ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುವ ಈ ಅಂಶವಿಲ್ಲದೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಬೆಕ್ಕಿನ ಪೌಚ್ ತಂದು ಹಿತ್ತಲಲ್ಲೋ ಬಾಲ್ಕನಿಯಲ್ಲೋ ಬೇರೆ ತಟ್ಟೆಯಲ್ಲಿ ಹಾಕಿ. ಹಾಗೆ ಮಾಡುವ ಎಷ್ಟೋ ಮನೆಗಳನ್ನು ನಾನು ಬಲ್ಲೆ.

ಟ್ರೇ ಎಷ್ಟಿರಬೇಕು? ಮರಳು ಹಾಕಿದ್ರೆ ಸಾಕಾ?

ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆಯಷ್ಟು ಉದ್ದವಿರಲಿ. ಅಂಗಡಿಯ ಟ್ರೇಗಿಂತ ಅಗಲ ಪ್ಲಾಸ್ಟಿಕ್ ಟಬ್ ಎಷ್ಟೋ ವಾಸಿ. ನುಣುಪಾದ ಹೊಳೆಮರಳು ಬೆಕ್ಕಿಗೆ ಇಷ್ಟ, ಉಂಡೆ ಕಟ್ಟದ ಕಾರಣ ದಿನವೂ ಒದ್ದೆಯಾದದ್ದನ್ನು ತೆಗೆದು ಬದಲಿಸಬೇಕು. ಒರಟಾದ ಎಂ-ಸ್ಯಾಂಡ್ ಅಂಗಾಲಿಗೆ ಚುಚ್ಚುತ್ತದೆ. ಫಿನಾಯಿಲಿನಿಂದ ತೊಳೆಯಬೇಡಿ, ಬೆಕ್ಕಿಗೆ ಅದು ವಿಷ. ವಾಷಿಂಗ್ ಮಷೀನಿನ ಪಕ್ಕ ಬೇಡ.

ಬೀಜ ಒಡೆಸಿದ್ದಕ್ಕೇ ನಾಳ ಸಣ್ಣ ಆಯ್ತು ಅಂತಾರೆ. ನಿಜಾನಾ?

ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ಮತ್ತು ಮಾಡಿಸದ ಗಂಡುಗಳ ನಾಳವನ್ನು ಅಳೆದು ನೋಡಿದ್ದಾರೆ, ವ್ಯತ್ಯಾಸ ಸಿಕ್ಕಿಲ್ಲ. ಆಪರೇಷನ್ ನಂತರ ಹಸಿವು ಹೆಚ್ಚಿ ಓಡಾಟ ತಗ್ಗಿ ಬೆಕ್ಕು ದಪ್ಪಗಾಗುತ್ತದೆ. ಮನೆಯೊಳಗೇ ಇರುವ ದಪ್ಪ ಗಂಡುಗಳಿಗೆ ಉಚ್ಚೆ ಕಟ್ಟುವುದು ಹೆಚ್ಚು. ತೂಕ ಕಾಯ್ದುಕೊಳ್ಳಿ, ಆಪರೇಷನ್ ಬಿಡಬೇಡಿ.

## ಆಸ್ಪತ್ರೆ ಮತ್ತು ಆಮೇಲೆ

ಉಚ್ಚೆ ತನ್ನಿ ಅಂದ್ರು. ಬೆಕ್ಕಿನ ಉಚ್ಚೆ ಹಿಡಿಯೋದು ಹೇಗೆ?

ಟ್ರೇ ತೊಳೆದು ಒಣಗಿಸಿ, ಅಕ್ವೇರಿಯಮ್ಮಿನ ಸಣ್ಣ ಕಲ್ಲನ್ನು ಚೆನ್ನಾಗಿ ತೊಳೆದು ಹಾಕಿ. ಬೆಕ್ಕು ಕೆದರಿ ಮಾಡುತ್ತದೆ, ಉಚ್ಚೆ ಇಂಗದೆ ಕೆಳಗೆ ನಿಲ್ಲುತ್ತದೆ. ಸಿರಿಂಜಿನಲ್ಲಿ ಎಳೆದು ಒಂದು ಗಂಟೆಯೊಳಗೆ ತಲುಪಿಸಿ. ಫ್ರಿಜ್ಜಿನಲ್ಲಿ ಬಹಳ ಹೊತ್ತು ಇಟ್ಟರೆ ಇಲ್ಲದ ಹರಳು ಹುಟ್ಟುತ್ತವೆ. ಕಲ್ಚರಿಗೆ ಮಾತ್ರ ಇದು ನಡೆಯದು. ಅದಕ್ಕೆ ವೈದ್ಯರು ಹೊಟ್ಟೆಯ ಮೂಲಕ ಸೂಜಿಯಿಂದ ನೇರವಾಗಿ ತೆಗೆಯುತ್ತಾರೆ, ಕೇಳಲು ಭಯವೆನಿಸಿದರೂ ರಕ್ತ ತೆಗೆದಷ್ಟೇ ನೋವು.

ಮೂರು ದಿನ ಪೈಪ್ ಹಾಕಿಟ್ಟು ಕಳಿಸಿದ್ದಾರೆ. ಮನೇಲಿ ಏನು ನೋಡ್ಕೋಬೇಕು?

ಮತ್ತೆ ಕಟ್ಟುವ ಅಪಾಯ ಮೊದಲ ವಾರದಲ್ಲೇ ಹೆಚ್ಚು. ಬೇರೆ ಬೆಕ್ಕುಗಳಿಂದ ಬೇರೆ ಇರಿಸಿ, ಪ್ರತಿ ಉಚ್ಚೆಯ ಹೊತ್ತು ಮತ್ತು ಉಂಡೆಯ ಗಾತ್ರ ಚೀಟಿಯಲ್ಲಿ ಬರೆಯಿರಿ. ಪೈಪಿನಿಂದ ನಾಳ ಕೆರಳಿರುವ ಕಾರಣ ಎರಡು ಮೂರು ದಿನ ಪದೇ ಪದೇ ಹೋಗುತ್ತದೆ, ತಿಳಿಗೆಂಪು ಬರಬಹುದು. ಸ್ವಲ್ಪವಾದರೂ ಬರುತ್ತಿದೆಯೇ ಎಂಬುದು ಮುಖ್ಯ. ಎಂಟು ಗಂಟೆ ಏನೂ ಬರದಿದ್ದರೆ, ಊಟ ಬಿಟ್ಟು ವಾಂತಿ ಮಾಡಿದರೆ ವಾಪಸ್ ಕರೆತನ್ನಿ. ಬರೆದುಕೊಟ್ಟ ನೋವಿನ ಔಷಧಿ ಚೆನ್ನಾಗಿದ್ದಾನೆಂದು ನಿಲ್ಲಿಸಬೇಡಿ. ನೋವಿದ್ದರೆ ನಾಳ ಬಿಗಿಯುತ್ತದೆ.

ಇದು ಮೂರನೇ ಸಲ. ಗಂಡಿನ ಭಾಗ ತೆಗೆದು ದಾರಿ ಅಗಲ ಮಾಡೋ ಆಪರೇಷನ್ ಹೇಳಿದ್ದಾರೆ. ಮಾಡಿಸೋದಾ?

ಕಿರಿದಾದ ತುದಿಯನ್ನು ತೆಗೆದು, ಹಿಂದಿನ ಅಗಲ ಭಾಗವನ್ನು ಹೊರಗೆ ತೆರೆದು ಹೊಲಿಯುವ ಶಸ್ತ್ರಚಿಕಿತ್ಸೆ ಇದು. ಮತ್ತೆ ಮತ್ತೆ ಕಟ್ಟುವ, ಪೈಪು ಹಾಕಲೇ ಆಗದ ಬೆಕ್ಕುಗಳಿಗೆ ಜೀವ ಉಳಿಸುತ್ತದೆ, ಆಮೇಲೆ ಅವು ಸುಖವಾಗಿಯೇ ಬಾಳುತ್ತವೆ. ಆದರೆ ಉರಿಯೂತದ ಗುಣ ಹೋಗುವುದಿಲ್ಲ. ಕಟ್ಟುವುದು ತಪ್ಪಿದರೂ ಉರಿ ಮರಳಬಹುದು, ದಾರಿ ತೆರೆದಿರುವ ಕಾರಣ ಸೋಂಕಿನ ಸಾಧ್ಯತೆ ಮೊದಲಿಗಿಂತ ಹೆಚ್ಚು. ನೀರು, ಊಟ, ಮನೆಯ ನೆಮ್ಮದಿ ಎಲ್ಲ ಸರಿಪಡಿಸಿಯೂ ಕಟ್ಟಿದರೆ ಮಾಡಿಸಿ ಎನ್ನುತ್ತೇನೆ. ಇದನ್ನು ಪದೇ ಪದೇ ಮಾಡಿ ಕೈ ಪಳಗಿದವರನ್ನು ಹುಡುಕಿ.

ಹದಿಮೂರು ವರ್ಷದ ಅಜ್ಜಿ ನಮ್ಮದು. ನೀರು ಕುಡೀತಾನೇ ಇರ್ತಾಳೆ, ದೊಡ್ಡ ದೊಡ್ಡ ಉಚ್ಚೆ. ಒಳ್ಳೇದೇ ಅಲ್ವಾ?

ಅಲ್ಲ, ಪರೀಕ್ಷಿಸಬೇಕು. ಮೂತ್ರಪಿಂಡ ಸವೆದಾಗ ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ ಮೊದಲು ಹೋಗುತ್ತದೆ. ನೀರೆಲ್ಲ ಹೊರಹೋಗಿ ಬಾಯಾರಿಕೆಯಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಏರಿಕೆಯಲ್ಲೂ ಹೀಗೇ. ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಸ) ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಪಾಲು ಹೋಗಿರುತ್ತದೆ, ಅದಕ್ಕೇ ಹತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತ, ಉಚ್ಚೆ ಎರಡನ್ನೂ ನೋಡಿಸಿ, ಸಾಧ್ಯವಿದ್ದರೆ ರಕ್ತದೊತ್ತಡವನ್ನೂ. ಕಳೆದುಹೋದದ್ದು ಮರಳದು. ಫಾಸ್ಫರಸ್ ಕಡಿಮೆಯಿರುವ ಕಿಡ್ನಿ ಆಹಾರದಿಂದ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಒಣಮೀನು ಮಾತ್ರ ನಿಲ್ಲಿಸಿ.

ಹೂಗುಚ್ಛಗಳಲ್ಲಿ ಬರುವ ಲಿಲ್ಲಿಯನ್ನು ಯಾವ ವಯಸ್ಸಿನ ಬೆಕ್ಕಿರುವ ಮನೆಗೂ ತರಬೇಡಿ. ಎಲೆ, ಎಸಳು, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಮೂರು ದಿನದಲ್ಲಿ ಮೂತ್ರಪಿಂಡ ನಿಲ್ಲಬಹುದು.

ಕಿಡ್ನಿಗೆ ಮನೇಲೇ ಚರ್ಮದ ಕೆಳಗೆ ಡ್ರಿಪ್ ಹಾಕಿ ಅಂದಿದ್ದಾರೆ. ನನ್ನ ಕೈಲಿ ಆಗುತ್ತಾ?

ಆಗುತ್ತದೆ. ಎಪ್ಪತ್ತು ದಾಟಿದವರೂ ಕಲಿತಿದ್ದಾರೆ. ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ ಎಂಬುದು ವೈದ್ಯರ ಲೆಕ್ಕ. ಹೃದಯದ ತೊಂದರೆ ಇರುವ ಬೆಕ್ಕಿಗೆ ಹೆಚ್ಚಾದರೆ ಉಬ್ಬಸ ಬರುತ್ತದೆ, ಆದ್ದರಿಂದ ನೀವಾಗಿ ಏರಿಸಬೇಡಿ. ಬಾಟಲಿಯನ್ನು ಬೆಚ್ಚನೆ ನೀರಲ್ಲಿ ಇಟ್ಟು ಮೈಬಿಸಿಗೆ ತನ್ನಿ, ಕೈಯ ಒಳಗಡೆ ಹನಿ ಬಿಟ್ಟು ನೋಡಿ. ಮಡಿಲಲ್ಲಿ ಕೂರಿಸಿಕೊಂಡು ಎರಡು ಹೆಗಲ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ, ಸೂಜಿಯನ್ನು ಆ ಬುಡಕ್ಕೆ ಸಮನಾಗಿ ಒಮ್ಮೆಲೇ ಹಾಕಿ. ಮೆಲ್ಲಗೆ ಹಾಕಿದರೆ ನೋವು ಹೆಚ್ಚು. ಪ್ರತಿ ಸಲ ಹೊಸ ಸೂಜಿ. ಮುಗಿದ ಮೇಲೆ ಬೆನ್ನ ಮೇಲೆ ನೀರಿನ ಗಂಟು ಏಳುತ್ತದೆ, ರಾತ್ರಿಯ ಹೊತ್ತಿಗೆ ಜಾರಿ ಮುಂಗಾಲಿನ ಕಡೆ ಇಳಿದಿರುತ್ತದೆ. ಹೆದರಬೇಡಿ, ಬೆಳಗಾಗುವಷ್ಟರಲ್ಲಿ ಇಂಗುತ್ತದೆ. ಮಾರನೇ ದಿನವೂ ಗಂಟು ಹಾಗೇ ಇದ್ದರೆ ಮುಂದಿನ ಬಾಟಲ್ ಹಾಕದೆ ಫೋನ್ ಮಾಡಿ.